ಒಂದೇ ಡಿಶ್‌ನಿಂದ ಎರಡು ಮೂರು ಕೋಣೆಗೆ ಟಿವಿ: ಸ್ಪ್ಲಿಟರ್ ಹಾಕಿದರೆ ಸಾಲದೇ?

ಪ್ರಶ್ನೆ: ಮನೆ ಮೇಲೆ ಒಂದು ಡಿಶ್ ಇದೆ. ಹಾಲ್‌ನ ಟಿವಿ ಚೆನ್ನಾಗಿ ಬರುತ್ತಿತ್ತು. ಮಲಗುವ ಕೋಣೆಗೂ ಬೇಕು ಅಂತ ಇನ್ನೊಂದು ಬಾಕ್ಸ್ ತಂದು, ಕೇಬಲ್‌ಗೆ ಸ್ಪ್ಲಿಟರ್ ಹಾಕಿದೆವು. ಈಗ ಒಂದು ಕಡೆ ಚಾನೆಲ್ ಬದಲಿಸಿದರೆ ಇನ್ನೊಂದು ಕಡೆ ‘ಸಿಗ್ನಲ್ ಇಲ್ಲ’ ಅಂತ ಬರುತ್ತದೆ. ಬೂಸ್ಟರ್ ಹಾಕಿದರೆ ಸರಿಹೋಗುತ್ತಾ?

ಉತ್ತರ: ಇಲ್ಲ. ಬೂಸ್ಟರ್‌ಗೆ ಸುಮ್ನೆ ದುಡ್ಡು ಹಾಕಬೇಡಿ. ನಿಮ್ಮ ಸಿಗ್ನಲ್ ಸೊರಗಿಲ್ಲ. ಎರಡು ಬಾಕ್ಸ್‌ಗಳು ಒಂದೇ ಕೇಬಲ್‌ನಲ್ಲಿ ಜಗಳಕ್ಕೆ ಬಿದ್ದಿವೆ.

ಆ ಕೇಬಲ್‌ನಲ್ಲಿ ಸಿಗ್ನಲ್ ಕೆಳಗೆ ಇಳಿಯುವುದಷ್ಟೇ ಅಲ್ಲ, ಬಾಕ್ಸ್‌ನ ಆರ್ಡರ್ ಮೇಲಕ್ಕೂ ಹೋಗುತ್ತದೆ. ಸ್ಯಾಟಲೈಟ್ ಕಳಿಸುವುದೆಲ್ಲ ಒಟ್ಟಿಗೆ ಒಂದು ಕೇಬಲ್‌ನಲ್ಲಿ ಹಿಡಿಸುವುದಿಲ್ಲ. ಸಾಮಾನ್ಯವಾಗಿ ಬಳಸುವ ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್‌ನ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ) ಹಿಡಿಯುವ ಅಲೆಗಳು 10.7ರಿಂದ 12.75 ಗಿಗಾಹರ್ಟ್ಸ್‌ವರೆಗೆ ಹರಡಿವೆ. ಅವೂ ಎರಡು ಬಗೆ: ನೆಟ್ಟಗೆ ಬರುವ ವರ್ಟಿಕಲ್, ಅಡ್ಡ ಬರುವ ಹಾರಿಜಾಂಟಲ್. ಕೇಬಲ್‌ನಲ್ಲಿ ಇರುವ ಜಾಗ 950ರಿಂದ 2150 ಮೆಗಾಹರ್ಟ್ಸ್ ಮಾತ್ರ. ಹಾಗಾಗಿ ಎಲ್‌ಎನ್‌ಬಿ ಪ್ರತಿ ಬಗೆಯನ್ನೂ ಕೆಳಗಿನ ಬ್ಯಾಂಡ್, ಮೇಲಿನ ಬ್ಯಾಂಡ್ ಅಂತ ಎರಡಾಗಿಸಿ, ಒಟ್ಟು ನಾಲ್ಕು ಪಾಲು ಮಾಡಿ, ಒಂದು ಸಲಕ್ಕೆ ಒಂದೇ ಪಾಲನ್ನು ಇಳಿಸುತ್ತದೆ.

ಯಾವ ಪಾಲು ಅಂತ ಹೇಳುವುದು ಬಾಕ್ಸ್. ಅದು 13 ವೋಲ್ಟ್ ಕಳಿಸಿದರೆ ವರ್ಟಿಕಲ್, 18 ಕಳಿಸಿದರೆ ಹಾರಿಜಾಂಟಲ್. ಜೊತೆಗೆ 22 ಕಿಲೋಹರ್ಟ್ಸ್ ಟೋನ್ ಸೇರಿಸಿದರೆ ಮೇಲಿನ ಬ್ಯಾಂಡ್. ಹಾಲ್‌ನ ಬಾಕ್ಸ್ 18 ಕೇಳುತ್ತಿದ್ದು ಕೋಣೆಯದು 13 ಕೇಳಿದರೆ, ಹೆಚ್ಚಿನ ವೋಲ್ಟೇಜ್ ಗೆಲ್ಲುತ್ತದೆ. ಸೋತ ಕಡೆ ಪರದೆ ಖಾಲಿ. ಇಬ್ಬರೂ ನೋಡುವ ಚಾನೆಲ್ ಒಂದೇ ಪಾಲಿನಲ್ಲಿದ್ದರೆ ಎರಡೂ ಟಿವಿ ಆರಾಮಾಗಿ ಓಡುತ್ತವೆ. ‘ನಮ್ಮ ಮನೇಲಿ ಸ್ಪ್ಲಿಟರ್ ಸರಿಯಾಗೇ ಇದೆಯಲ್ಲ’ ಅಂತ ಕೆಲವರು ಹೇಳುವುದು ಇದಕ್ಕೇ.

ಹಾಗಾದರೆ ಏನು ಮಾಡಬೇಕು? ಎರಡು ಕೋಣೆಯಾದರೆ ಟ್ವಿನ್ ಎಲ್‌ಎನ್‌ಬಿ, ನಾಲ್ಕಾದರೆ ಕ್ವಾಡ್. ಡಿಶ್ ಅದೇ ಇರಲಿ. ಈ ಎಲ್‌ಎನ್‌ಬಿಗಳ ಪ್ರತಿಯೊಂದು ಔಟ್‌ಪುಟ್‌ಗೂ ಬೇರೆ ಆರ್ಡರ್ ಕೊಡಬಹುದು. ಪ್ರತಿ ಕೋಣೆಗೂ ಒಂದೊಂದು ಕೇಬಲ್ ಎಳೆಯಬೇಕು, ಅಷ್ಟೇ. ನಾನಂತೂ ಮೊದಲು ಇದನ್ನೇ ಹೇಳುತ್ತೇನೆ. ಕೆಡುವ ಭಾಗಗಳು ಕಡಿಮೆ, ಸೆಟ್ಟಿಂಗ್ ಏನೂ ಬೇಡ.

ಕೊಳ್ಳುವಾಗ ಹೆಸರು ನೋಡಿಕೊಳ್ಳಿ. ಕ್ವಾಡ್ ಬೇರೆ, ಕ್ವಾಟ್ರೋ ಬೇರೆ. ಕ್ವಾಟ್ರೋದಲ್ಲಿ ಒಂದೊಂದು ಔಟ್‌ಪುಟ್‌ಗೂ ಒಂದೊಂದು ಪಾಲು ಕಾಯಂ. ಅದನ್ನು ನೇರವಾಗಿ ಬಾಕ್ಸ್‌ಗೆ ಸಿಕ್ಕಿಸಿದರೆ ಮುಕ್ಕಾಲು ಪಾಲು ಕಾಣಿಸುವುದೇ ಇಲ್ಲ. ಅದು ಇರುವುದು ಮಲ್ಟಿಸ್ವಿಚ್‌ಗೆ. ನಾಲ್ಕೂ ಪಾಲು ಮಲ್ಟಿಸ್ವಿಚ್‌ಗೆ ಬಂದು, ಯಾವ ಕೋಣೆ ಏನು ಕೇಳಿತೋ ಅದು ಅಲ್ಲಿಗೆ ಹೋಗುತ್ತದೆ. ಎಂಟೋ ಹದಿನಾರೋ ಟಿವಿ ಇರುವ ದೊಡ್ಡ ಮನೆಗೆ ಇದು ಸರಿ.

ಗೋಡೆಯೊಳಗೆ ಇರುವುದು ಒಂದೇ ಕೇಬಲ್, ಹೊಸದು ಎಳೆಯುವ ಹಾಗಿಲ್ಲ ಅಂದರೆ ಯುನಿಕೇಬಲ್ ನೋಡಿ. ಇಲ್ಲಿ ಪ್ರತಿ ಬಾಕ್ಸ್‌ಗೂ ಕೇಬಲ್‌ನೊಳಗೆ ಅದರದೇ ಒಂದು ಫ್ರೀಕ್ವೆನ್ಸಿ ಮೀಸಲು. ಅದು ಕೇಳಿದ ಚಾನೆಲ್ ಆ ಜಾಗಕ್ಕೇ ಬಂದು ಕೂರುತ್ತದೆ. ಮೊದಲ ಯುನಿಕೇಬಲ್‌ನಲ್ಲಿ 8 ಜಾಗದವರೆಗೆ, ಎರಡನೆಯದರಲ್ಲಿ 32ರವರೆಗೆ. ಇಲ್ಲಿ ಸ್ಪ್ಲಿಟರ್ ಬಳಸಬಹುದು, ಆದರೆ ಅದರ ಎಲ್ಲ ಪೋರ್ಟ್‌ಗಳಲ್ಲೂ ವೋಲ್ಟೇಜ್ ದಾಟಬೇಕು. ನಿಮ್ಮ ಬಾಕ್ಸ್‌ಗೆ ಯುನಿಕೇಬಲ್ ಗೊತ್ತಿದೆಯೇ ಅಂತ ಮೊದಲೇ ವಿಚಾರಿಸಿ. ಎರಡು ಬಾಕ್ಸ್‌ಗೆ ಒಂದೇ ಜಾಗದ ನಂಬರ್ ಕೊಟ್ಟರೆ ಮತ್ತೆ ಅದೇ ಜಗಳ.

ಎಲ್ಲ ಕೋಣೆಯಲ್ಲೂ ಒಂದೇ ಚಾನೆಲ್ ಬಂದರೆ ಸಾಕು ಅನ್ನುವವರಿಗೆ ಇದ್ಯಾವುದೂ ಬೇಡ. ಒಂದು ಬಾಕ್ಸ್, ಒಂದು ಎಚ್‌ಡಿಎಂಐ ಸ್ಪ್ಲಿಟರ್ ಸಾಕು. ದೂರದ ಕೋಣೆಗೆ ನೆಟ್‌ವರ್ಕ್ ಕೇಬಲ್ ಮೂಲಕ ಎಚ್‌ಡಿಎಂಐ ಕಳಿಸುವ ಎಕ್ಸ್‌ಟೆಂಡರ್ ಸಿಗುತ್ತದೆ.

ಕೊನೆಗೆ, ಕೇಬಲ್. ಇಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. ಆರ್‌ಜಿ6 (ಡಿಶ್‌ಗೆ ಬಳಸುವ ಕೇಬಲ್‌ನ ಬಗೆ) ಅಂತ ಬರೆದಿದ್ದರೆ ಸಾಲದು, ನಡುವಿನ ತಂತಿ ಪೂರ್ತಿ ತಾಮ್ರವೇ ಅಂತ ನೋಡಿ. ಹಲವು ಅಗ್ಗದ ಕೇಬಲ್‌ಗಳಲ್ಲಿ ಒಳಗೆ ಉಕ್ಕು, ಮೇಲೆ ತೆಳುವಾದ ತಾಮ್ರದ ಹೊದಿಕೆ. ಸಿಗ್ನಲ್ ತಂತಿಯ ಮೇಲ್ಮೈಯಲ್ಲೇ ಹರಿಯುವುದರಿಂದ ಅದಕ್ಕೇನೂ ತೊಂದರೆಯಿಲ್ಲ. ತೊಂದರೆ ಆಗುವುದು ಮೇಲಕ್ಕೆ ಹೋಗುವ ವೋಲ್ಟೇಜ್‌ಗೆ. ಉದ್ದ ಜಾಸ್ತಿಯಾದರೆ 18 ಅಂತ ಹೊರಟದ್ದು ದಾರಿಯಲ್ಲೇ ಕುಗ್ಗುತ್ತದೆ. ಎಲ್‌ಎನ್‌ಬಿ ಅದನ್ನು 13 ಅಂದುಕೊಳ್ಳಬಹುದು. ಆಗ ಒಂದು ಕೋಣೆಯಲ್ಲಿ ಮಾತ್ರ ಹಾರಿಜಾಂಟಲ್ ಚಾನೆಲ್‌ಗಳು ಕಾಣೆಯಾಗುತ್ತವೆ, ಉಳಿದವು ಚೆನ್ನಾಗಿರುತ್ತವೆ. ಹೀಗೆ ಕಂಡರೆ ಡಿಶ್ ಅಲುಗಿಸುವ ಮೊದಲು ಆ ಕೋಣೆಯ ಕೇಬಲ್ ಬದಲಿಸಿ ನೋಡಿ. ಕೇಬಲ್ ಬಿಚ್ಚುವಾಗ ಬಾಕ್ಸ್‌ನ ಪ್ಲಗ್ ಕಿತ್ತಿರಲಿ. ಒಳತಂತಿಗೆ ಹೊರಗಿನ ಜಾಲರಿ ತಗುಲಿದರೆ ಶಾರ್ಟ್ ಆಗುತ್ತದೆ.