ಗಾಂಜಾ ಚರ್ಚೆಯ ಗದ್ದಲದಲ್ಲಿ ಕಾಣದೇ ಹೋದ ಮಾರ್ಫಿನ್ ಮಾತ್ರೆ

ಬಾಯಿ ಕ್ಯಾನ್ಸರ್ ಗದ್ದದ ಎಲುಬಿಗೆ ಇಳಿದಾಗ ಏಳುವ ನೋವಿಗೆ ಇಂಡಿ, ಜಮಖಂಡಿ, ಅಥಣಿ ಕಡೆಯ ಮನೆಗಳಲ್ಲಿ ‘ಬ್ಯಾನಿ’ ಎನ್ನುವ ಒಂದೇ ಶಬ್ದ. ಕಿವಿಯಿಂದ ಕೊರಳಿನವರೆಗೆ ಸಳಕು ಹೊಡೆಯುತ್ತದೆ. ರಾತ್ರಿ ಹೆಚ್ಚಾಗುತ್ತದೆ. ಮಲಗಿದವರು ಎದ್ದು ಕೂತು, ಗೋಡೆಗೆ ತಲೆ ಆನಿಸಿ ಬೆಳಗು ಮಾಡುತ್ತಾರೆ. ಈ ಹಂತದಲ್ಲಿ ಪ್ಯಾರಾಸಿಟಮಾಲ್ ಮುಟ್ಟುವುದಿಲ್ಲ, ಟ್ರಮಡಾಲ್ ಸ್ವಲ್ಪ ದಿನ ತಡೆದು ಕೈಬಿಡುತ್ತದೆ. ಕೆಲಸ ಮಾಡುವ ಮದ್ದು ಮಾರ್ಫಿನ್, 10 ಮಿಲಿಗ್ರಾಂನ ಒಂದು ಸಣ್ಣ ಮಾತ್ರೆ. ಅದು ಅಫೀಮಿನಿಂದ ಬರುತ್ತದೆ ಎಂಬ ಕಾರಣಕ್ಕೆ ಅದರ ಹಣೆಬರಹವನ್ನೂ ಗಾಂಜಾ, ಹೆರಾಯಿನ್‌ಗಳ ಕಾನೂನೇ ಬರೆದಿದೆ.

ನಿಪ್ಪಾಣಿಯಂಥ ತಂಬಾಕಿನ ಊರು ಬೆಳಗಾವಿ ಜಿಲ್ಲೆಯಲ್ಲೇ ಇದೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದು ಚೀಟಿನಲ್ಲಿ ಬಂತು. ಅಂಗೈಯಲ್ಲಿ ಕೂಡಿಸಿದರೆ ಮತ್ತದೇ ಗುಟ್ಕಾ. ಬಾಯಿ ಕ್ಯಾನ್ಸರ್ ತರುವುದು ಇದೇ ಚಟ, ಹಾಗಾಗಿ ಈ ಭಾಗಕ್ಕೆ ಮಾರ್ಫಿನ್ ದೂರದ ಮಾತಲ್ಲ.

ಬೆಳಗಾವಿ, ವಿಜಯಪುರಗಳು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಗಾಂಜಾ, ಅಫೀಮು ಎರಡೂ ಲೈಸೆನ್ಸ್ ಅಂಗಡಿಯ ಸರಕು. 1893–94ರಲ್ಲಿ ಬ್ರಿಟಿಷ್ ಸರ್ಕಾರ ನೇಮಿಸಿದ ಗಾಂಜಾ ಗಿಡದ ಮಾದಕಗಳ ಆಯೋಗ (ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್) ದೇಶವಿಡೀ ವಿಚಾರಿಸಿ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿ ಎಂದಿತ್ತು. 1961ರ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದಕ್ಕೆ ಭಾರತ ಸೇರಿದ ಮೇಲೆ ದಾರಿ ತಿರುಗಿತು. 1985ರ ನವೆಂಬರ್ 14ರಂದು ಮಾದಕ ದ್ರವ್ಯ ಮತ್ತು ಮನೋಪರಿಣಾಮಕಾರಿ ವಸ್ತುಗಳ (ಎನ್‌ಡಿಪಿಎಸ್) ಕಾಯ್ದೆ ಜಾರಿಗೆ ಬಂತು.

ಆ ಕಾಯ್ದೆ ಗಾಂಜಾ ಎಂದರೆ ಹೂ ಮತ್ತು ಕಾಯಿ ಬಿಟ್ಟ ತುದಿ ಎಂದಿತು. ತುದಿಯ ಜೊತೆಗಿಲ್ಲದ ಎಲೆ ಮತ್ತು ಬೀಜವನ್ನು ಹೊರಗಿಟ್ಟಿತು. ಎಲೆಯಿಂದ ಮಾಡುವ ಭಂಗಿ ಕಾನೂನಿನ ಕೈಯಿಂದ ಉಳಿದುಕೊಂಡದ್ದು ಹೀಗೆ. ಇವತ್ತಿಗೂ ಕೋರ್ಟಿನಲ್ಲಿ ಕೇಸು ಸಡಿಲಾಗುವುದು ಇಲ್ಲೇ. ಹೊಲದಲ್ಲಿ ಗಿಡ ಕಿತ್ತು, ಬೇರು, ಕಾಂಡ, ಎಲೆ ಸಮೇತ ತೂಗಿ ಪಂಚನಾಮೆ ಬರೆದರೆ, ಹೂ ತುದಿಯ ತೂಕ ಎಷ್ಟು ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ. 2001ರ ತಿದ್ದುಪಡಿಯ ನಂತರ ಗಾಂಜಾದಲ್ಲಿ 1 ಕಿಲೋ ತನಕ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ. ಜಾಮೀನು, ಶಿಕ್ಷೆ ಎಲ್ಲವೂ ಈ ತೂಕದ ಮೇಲೆಯೇ ನಿಂತಿವೆ.

ಮಾರ್ಫಿನ್ನಿನ ಗತಿ ಬೇರೆಯೇ ಆಯಿತು. 1985ರ ಕಾಯ್ದೆಯಲ್ಲಿ ಅದರ ಅಕ್ರಮಕ್ಕೆ ಕನಿಷ್ಠ 10 ವರ್ಷ ಜೈಲು. ಲೆಕ್ಕದಲ್ಲಿ ನಾಲ್ಕು ಮಾತ್ರೆ ಹೆಚ್ಚುಕಮ್ಮಿಯಾದರೂ ಗತಿಯೇನು ಎಂದು ಔಷಧ ಅಂಗಡಿಯವರು ಅದನ್ನು ಇಡುವುದನ್ನೇ ಬಿಟ್ಟರು. ಆಸ್ಪತ್ರೆಗಳು ಇಟ್ಟುಕೊಳ್ಳಲು, ಸಾಗಿಸಲು, ಬೇರೆ ರಾಜ್ಯದಿಂದ ತರಿಸಲು ಬೇರೆ ಬೇರೆ ಪರವಾನಗಿ ಪಡೆಯಬೇಕಿತ್ತು, ಅವೆಲ್ಲ ಒಂದೇ ಹೊತ್ತಿಗೆ ಚಾಲ್ತಿಯಲ್ಲಿರಬೇಕಿತ್ತು. ಕೊನೆಯದು ಕೈಗೆ ಬರುವಷ್ಟರಲ್ಲಿ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. 1997ಕ್ಕೆ ಇಡೀ ದೇಶದ ವಾರ್ಷಿಕ ಬಳಕೆ ಸುಮಾರು 18 ಕಿಲೋಗೆ ಕುಸಿಯಿತು. ಒಬ್ಬರಿಗೆ ದಿನಕ್ಕೆ 60 ಮಿಲಿಗ್ರಾಂ ಎಂದು ಲೆಕ್ಕ ಹಿಡಿದರೆ, ವರ್ಷವಿಡೀ 820 ಜನರಿಗಷ್ಟೇ ಸಾಲುವ ಮದ್ದು ಅದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸಿನಲ್ಲೇ ಅಫೀಮು ಬೆಳೆದು ಹೊರದೇಶಕ್ಕೆ ಕಳಿಸುತ್ತಿದ್ದ ದೇಶದ ಲೆಕ್ಕವಿದು. ನಮ್ಮ ರೋಗಿಗಳಿಗೆ ಆದ ಈ ಅನ್ಯಾಯಕ್ಕೆ ಬೇರೆ ಹೆಸರು ಕೊಡಲಾಗದು.

ಇದರ ವಿರುದ್ಧ ಪಟ್ಟು ಹಿಡಿದು ಮಾತಾಡಿದವರು ಕೇರಳದ ಡಾ. ಎಂ. ಆರ್. ರಾಜಗೋಪಾಲ್. 1993ರಲ್ಲಿ ಕೋಳಿಕ್ಕೋಡಿನಲ್ಲಿ ನೋವು ಶಮನದ ಕೆಲಸ ಕಟ್ಟಿದವರಲ್ಲಿ ಒಬ್ಬರು. 2018ರಲ್ಲಿ ಪದ್ಮಶ್ರೀ ಬಂತು. ಅವರು ಮತ್ತು ಜೊತೆಗಾರರು ವರ್ಷಗಟ್ಟಲೆ ಅಧಿಕಾರಿಗಳ ಬಾಗಿಲು ತಟ್ಟಿದ ಫಲವಾಗಿ 2014ರ ಫೆಬ್ರುವರಿಯಲ್ಲಿ ಸಂಸತ್ತು ಕಾಯ್ದೆ ತಿದ್ದಿತು. ಟಿವಿಯಲ್ಲಿ ಅಬ್ಬರವಿಲ್ಲದೆ ಆದ ಬದಲಾವಣೆ ಅದು.

ಅಬ್ಬರವಾದದ್ದು ಗಾಂಜಾ ಬಗ್ಗೆ. ಸ್ವತಃ ಹೃದ್ರೋಗ ತಜ್ಞರಾದ ಪಟಿಯಾಲಾದ ಸಂಸದ ಧರಮ್‌ವೀರ ಗಾಂಧಿ, ಹೆರಾಯಿನ್ ಹಾವಳಿ ತಗ್ಗಿಸಲು ಅಫೀಮು, ಗಾಂಜಾದಂಥ ಸಾಂಪ್ರದಾಯಿಕ ನಶೆಗಳನ್ನು ನಿಯಂತ್ರಣದಲ್ಲಿ ಬಿಡಿ ಎಂದು ಖಾಸಗಿ ಮಸೂದೆ ಹಿಡಿದು ಓಡಾಡಿದರು. 2017ರಲ್ಲಿ ಕೇಂದ್ರ ಸಚಿವೆಯಾಗಿದ್ದ ಮೇನಕಾ ಗಾಂಧಿ, ಕ್ಯಾನ್ಸರ್ ರೋಗಿಗಳಿಗಾದರೂ ಗಾಂಜಾವನ್ನು ಔಷಧಿಯಾಗಿ ಒಪ್ಪಬೇಕು ಎಂದರು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ, ಗಾಂಜಾವನ್ನು ಅತಿ ಕಟ್ಟುನಿಟ್ಟಿನ ನಾಲ್ಕನೇ ಪಟ್ಟಿಯಿಂದ 27–25 ಮತಗಳಿಂದ ತೆಗೆದಾಗ ಭಾರತ ತೆಗೆಯುವ ಕಡೆಗೇ ಕೈ ಎತ್ತಿತು. ಅದೇ ವರ್ಷ ಕನ್ನಡ ಚಿತ್ರರಂಗದ ಡ್ರಗ್ಸ್ ಸುದ್ದಿ ಇಲ್ಲಿನ ಮನೆಮನೆಯಲ್ಲಿ ತಿಂಗಳುಗಟ್ಟಲೆ ಓಡಿತ್ತು.

ಈ ಮಾತುಗಳನ್ನು ಕಡೆಗಣಿಸಬೇಕಿಲ್ಲ. ಆದರೆ ಕ್ಯಾನ್ಸರಿನ ಹೆಸರು ಎತ್ತುವಾಗ ಒಂದು ವಿಷಯ ಸ್ಪಷ್ಟವಿರಲಿ: ಗಾಂಜಾದ ಅಂಶಗಳಿಂದ ಕೀಮೋ ವಾಂತಿಗೆ ಸ್ವಲ್ಪ ಉಪಯೋಗವಿದೆ, ಕ್ಯಾನ್ಸರ್ ಬ್ಯಾನಿಗೆ ಅವು ಮಾರ್ಫಿನ್ನಿನ ಜಾಗ ತುಂಬುವುದಿಲ್ಲ. ಕಾಯ್ದೆ ಆಗಲೇ ಬಿಟ್ಟುಕೊಟ್ಟಿರುವ ಮದ್ದು ಮೊದಲು ತಾಲ್ಲೂಕಿಗೆ ಬರಲಿ.

2014ರ ತಿದ್ದುಪಡಿಯಡಿ ಮಾರ್ಫಿನ್, ಫೆಂಟನಿಲ್, ಮೆಥಡೋನ್, ಕೊಡೀನ್, ಆಕ್ಸಿಕೊಡೋನ್, ಹೈಡ್ರೊಕೊಡೋನ್ ಈ ಆರನ್ನು ಕೇಂದ್ರ ಸರ್ಕಾರ ಅಗತ್ಯ ಮಾದಕ ಔಷಧಿ ಎಂದು ಗುರುತಿಸಿತು. ಪರವಾನಗಿಗಳ ಸರಮಾಲೆ ಹೋಗಿ, ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕಾಯಿತು. ಆಸ್ಪತ್ರೆಯಲ್ಲಿ ತರಬೇತಾದ ಒಬ್ಬ ವೈದ್ಯರಿರಬೇಕು, ಬೀಗ ಹಾಕಿದ ಕಪಾಟು ಇರಬೇಕು, ದಿನದ ಲೆಕ್ಕದ ಪುಸ್ತಕ ಇಡಬೇಕು, ಮುಂದಿನ ವರ್ಷದ ಅಂದಾಜು ಕಳಿಸಬೇಕು. ಕಾಗದ ಇಷ್ಟೇ. ಎಡವುವುದು ಮಾನ್ಯತೆ ಕೇಳಿ ಅರ್ಜಿಯನ್ನೇ ಹಾಕದ ಆಸ್ಪತ್ರೆಯಲ್ಲಿ, ಹಳೇ ಹೆದರಿಕೆ ಬಿಡದ ವೈದ್ಯರಲ್ಲಿ. ನಮ್ಮ ಕಡೆ ಇನ್ನೊಂದು ತೊಡಕು: ಚಿಕಿತ್ಸೆಗೆ ಮಿರಜ, ಸೊಲ್ಲಾಪುರಕ್ಕೆ ಹೋದವರು ಗಡಿ ದಾಟಿ ಊರಿಗೆ ಬಂದಮೇಲೆ ಮಾತ್ರೆ ತೀರುತ್ತವೆ. ವಿಜಯಪುರದಿಂದ ಸೊಲ್ಲಾಪುರ ಸುಮಾರು 100 ಕಿಲೋಮೀಟರ್. ಬ್ಯಾನಿಯಲ್ಲಿದ್ದವರನ್ನು ಬಸ್ಸಿನಲ್ಲಿ ಕೂರಿಸುವ ದೂರವಲ್ಲ. ಬಿಡುಗಡೆಯ ದಿನವೇ ‘ಇದು ನಮ್ಮ ಜಿಲ್ಲೆಯಲ್ಲಿ ಎಲ್ಲಿ ಸಿಗುತ್ತದೆ’ ಎಂದು ಕೇಳಿ, ಡೋಸು ಬರೆದ ಚೀಟಿಯ ನಕಲು ಇಟ್ಟುಕೊಳ್ಳಬೇಕು.

ಮಾತ್ರೆ ಕೈಗೆ ಬಂದಮೇಲೆ ಗಡಿಯಾರವೇ ಗುರು. ವೈದ್ಯರು ಸಾಮಾನ್ಯವಾಗಿ 5ರಿಂದ 10 ಮಿಲಿಗ್ರಾಂನಿಂದ ಶುರುಮಾಡಿ 4 ತಾಸಿಗೊಮ್ಮೆ ಬರೆಯುತ್ತಾರೆ. ವಯಸ್ಸಾದವರಿಗೆ, ಮೂತ್ರಪಿಂಡ ಸೋತವರಿಗೆ ಕಡಿಮೆ. ಬ್ಯಾನಿ ಎದ್ದಮೇಲೆ ನುಂಗಿದರೆ ಅದು ಇಳಿಯುವವರೆಗೆ ಒದ್ದಾಟ ತಪ್ಪದು. ಮಲಬದ್ಧತೆ ಆಗಿಯೇ ಆಗುತ್ತದೆ, ಮೊದಲ ದಿನವೇ ಮಲ ಸಡಿಲಿಸುವ ಮದ್ದು ಜೊತೆಗಿರಬೇಕು. ಇದನ್ನು ಬರೆಯದೆ ಬಿಟ್ಟರೆ ಹೊಟ್ಟೆ ಉಬ್ಬಿ, ರೋಗಿ ಮಾರ್ಫಿನ್ನನ್ನೇ ಬೇಡವೆನ್ನುತ್ತಾರೆ. ವಾಕರಿಕೆ ಕೆಲವೇ ದಿನ. ಬಾಯಿ ತೆರೆಯಲಾಗದವರಿಗೆ ಸಾದಾ ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕರಗಿಸಿ ಮೂಗಿನ ನಳಿಕೆಯಿಂದ ಕೊಡಬಹುದು. 12 ತಾಸಿನ ಮಾತ್ರೆಯನ್ನು ಮಾತ್ರ ಎಂದೂ ಪುಡಿ ಮಾಡಬಾರದು, ಅರ್ಧ ದಿನದ ಮದ್ದು ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಕರೆದರೂ ಏಳದ ನಿದ್ದೆ, ಸೂಜಿಮೊನೆಯಷ್ಟಾದ ಕಣ್ಣಿನ ಪಾಪೆ, ನಿಧಾನವಾದ ಉಸಿರು ಕಂಡರೆ ಮುಂದಿನ ಡೋಸು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಚಟ ಹತ್ತೀತೆಂದು ಮನೆಯವರೇ ಒಮ್ಮೆಗೇ ನಿಲ್ಲಿಸುವುದೂ ತಪ್ಪು. ಕಡಿಮೆ ಮಾಡುವುದಿದ್ದರೆ ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ. ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಎಣಿಸಿ, ಕೊಟ್ಟ ಆಸ್ಪತ್ರೆಗೇ ಮರಳಿಸಿ, ಪುಸ್ತಕದಲ್ಲಿ ಬರೆಸಿ ಬರಬೇಕು.