ದೊಡ್ಡ ರೌಟರ್ ಬಿಟ್ ಇಲ್ಲದೆ ಮನೆಯಲ್ಲೇ ಕ್ರೌನ್ ಮೋಲ್ಡಿಂಗ್ ಮಾಡಬಹುದಾ?

ಪ್ರಶ್ನೆ: ನನ್ನ ಹತ್ತಿರ 10 ಇಂಚಿನ ಟೇಬಲ್ ಸಾ (ಮೇಜಿನ ಕೆಳಗಿನಿಂದ ಬ್ಲೇಡ್ ಮೇಲೆ ಬರುವ ಗರಗಸ) ಇದೆ, ಮರದ ಅಂಚು ಕೆತ್ತುವ ಸಣ್ಣ ಟ್ರಿಮ್ಮರ್ ರೌಟರ್ ಇದೆ. ಹಾಲ್‌ನಲ್ಲಿ ಗೋಡೆ ಮತ್ತು ಸೀಲಿಂಗ್ ಸೇರುವ ಕಡೆ ಮರದ ಕ್ರೌನ್ ಮೋಲ್ಡಿಂಗ್ ಹಾಕುವ ಆಸೆ. ಆದರೆ ಅದರ ಅಗಲವಾದ ಬಾಗು ತೆಗೆಯುವ ಬಿಟ್ ನನ್ನ ರೌಟರ್‌ಗೆ ಕೂರುವುದಿಲ್ಲ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಆ ಬಾಗು ನಿಮ್ಮ ಟೇಬಲ್ ಸಾದಿಂದಲೇ ಬರುತ್ತದೆ.

ಟ್ರಿಮ್ಮರ್‌ನಲ್ಲಿ ಬಿಟ್ ಹಿಡಿಯುವ ಹಿಡಿಕೆ, ಅಂದರೆ ಕೊಲೆಟ್, ಸಾಮಾನ್ಯವಾಗಿ 6 ಎಂಎಂ. ದೊಡ್ಡ ಮೋಲ್ಡಿಂಗ್ ಬಿಟ್‌ಗಳ ಕಾಂಡ ಅದಕ್ಕಿಂತ ದಪ್ಪ. ಕೂರಿಸಲು ಆದರೂ ಅಷ್ಟು ದೊಡ್ಡ ಬಿಟ್ಟನ್ನು ಕೈಯಲ್ಲಿ ಹಿಡಿದು ಓಡಿಸುವುದು ಅಪಾಯ. ಆ ಯೋಚನೆ ಬಿಡಿ.

ಒಂದು ಊಟದ ತಟ್ಟೆಯನ್ನು ಕಣ್ಣಿನ ಮುಂದೆ ಅಂಚಾಗಿ ಹಿಡಿಯಿರಿ. ಬರೀ ಒಂದು ಗೀಟು ಕಾಣುತ್ತದೆ. ಸ್ವಲ್ಪ ಓರೆ ಮಾಡಿದರೆ ಉದ್ದನೆಯ ಮೊಟ್ಟೆಯಾಕಾರ ಕಾಣುತ್ತದೆ. ಗರಗಸದ ಬ್ಲೇಡೂ ಹಾಗೇ. ಹಲಗೆಯನ್ನು ನೇರವಾಗಿ ತಳ್ಳಿದರೆ ಸಣ್ಣ ಸೀಳು ಬೀಳುತ್ತದೆ. ಬ್ಲೇಡಿಗೆ ಓರೆಯಾಗಿ ತಳ್ಳಿದರೆ ಅಗಲವಾದ, ಬಾಗಿದ ಕುಳಿ ಬೀಳುತ್ತದೆ. ಇದಕ್ಕೆ ಕೋವ್ ಅನ್ನುತ್ತಾರೆ. ಮೊದಲ ಸಲ ಅದು ಮೂಡುವುದನ್ನು ನೋಡಿದಾಗ ನನಗೆ ಆದ ಖುಷಿ ಇನ್ನೂ ನೆನಪಿದೆ.

ಅಳತೆ ಹೀಗಿರಲಿ: 90 ಎಂಎಂ ಅಗಲ, 20 ಎಂಎಂ ದಪ್ಪದ ಹಲಗೆ. ನಡುವೆ 60 ಎಂಎಂ ಅಗಲ, 12 ಎಂಎಂ ಆಳದ ಕೋವ್. 10 ಇಂಚಿನ ಬ್ಲೇಡನ್ನು 12 ಎಂಎಂ ಏರಿಸಿದರೆ ಟೇಬಲ್ ಮೇಲೆ ಅದರ ಉದ್ದ ಸುಮಾರು 108 ಎಂಎಂ ಇರುತ್ತದೆ. ಆ ಉದ್ದವನ್ನು 60 ಎಂಎಂ ಅಗಲದೊಳಗೆ ಕೂರಿಸಬೇಕಾದರೆ ಹಲಗೆ ಬ್ಲೇಡಿಗೆ ಸುಮಾರು 34 ಡಿಗ್ರಿ ಓರೆಯಾಗಿ ಸಾಗಬೇಕು. ಲೆಕ್ಕ ಬೇಡ ಅನ್ನುವವರು ಎರಡು ಪಟ್ಟಿಗಳನ್ನು 60 ಎಂಎಂ ಅಂತರದಲ್ಲಿ ಸಮಾನಾಂತರವಾಗಿ ಜೋಡಿಸಿಕೊಳ್ಳಿ. ಪ್ಲಗ್ ಕಿತ್ತು, ಬ್ಲೇಡನ್ನು 12 ಎಂಎಂ ಏರಿಸಿ, ಪಟ್ಟಿಗಳನ್ನು ಅದರ ಸುತ್ತ ಇಟ್ಟು ತಿರುಗಿಸಿ. ಬ್ಲೇಡಿನ ಮುಂದಿನ ಹಲ್ಲು ಒಂದು ಪಟ್ಟಿಗೆ, ಹಿಂದಿನ ಹಲ್ಲು ಇನ್ನೊಂದು ಪಟ್ಟಿಗೆ ತಾಗಿದಾಗ ನಿಲ್ಲಿಸಿ. ಅದೇ ನಿಮ್ಮ ಓರೆ. ಟೇಬಲ್ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ.

ಆ ಗುರುತಿಗೆ ಸಮಾನಾಂತರವಾಗಿ ಒಂದು ನೇರ ಹಲಗೆಯನ್ನು ಫೆನ್ಸ್ ಆಗಿ (ಮೋಲ್ಡಿಂಗ್ ಹಲಗೆ ಒರಗಿ ಸಾಗುವ ಆಸರೆಯಾಗಿ) ಇಟ್ಟು ಎರಡೂ ತುದಿಯಲ್ಲಿ ಕ್ಲ್ಯಾಂಪ್ ಹಾಕಿ. ಕುಳಿ ಹಲಗೆಯ ನಡುಮಧ್ಯಕ್ಕೆ ಬರುವಷ್ಟು ದೂರದಲ್ಲಿರಲಿ. ಫೆನ್ಸ್ ಬ್ಲೇಡಿನ ಈಚೆಗೆ, ಅಂದರೆ ನೀವು ನಿಂತ ಕಡೆಗೆ ಇರಬೇಕು. ಆಗ ಬ್ಲೇಡ್ ತಾನೇ ಹಲಗೆಯನ್ನು ಫೆನ್ಸ್‌ಗೆ ಒತ್ತುತ್ತದೆ. ಆಚೆ ಕಡೆಗೂ ಇನ್ನೊಂದು ಹಲಗೆ ಕಟ್ಟಿ ದಾರಿ ಮಾಡಿದರೆ ಇನ್ನೂ ಒಳ್ಳೆಯದು.

ಮೊದಲ ಓಟಕ್ಕೆ ಬ್ಲೇಡ್ ಒಂದೂವರೆ ಎಂಎಂ ಮಾತ್ರ ಮೇಲಿರಲಿ. ಪ್ರತಿ ಓಟಕ್ಕೂ ಒಂದರಿಂದ ಒಂದೂವರೆ ಎಂಎಂ ಏರಿಸಿ, ಜಾಸ್ತಿ ಬೇಡ. ಹತ್ತು ಸಲ ತಳ್ಳಬೇಕಾಗುತ್ತದೆ, ತಳ್ಳಿ. ಬ್ಲೇಡ್ ಇಲ್ಲಿ ಪಕ್ಕದಿಂದ ಕೆರೆಯುತ್ತಿರುತ್ತದೆ, ಅದಕ್ಕೆ ಆ ಕೆಲಸ ಕಷ್ಟ. ಕೊನೆಯ ಓಟ ಅರ್ಧ ಎಂಎಂ, ತುಂಬಾ ನಿಧಾನ. ಅವಸರ ಮಾಡಿದರೆ ಗೀರುಗಳು ಉಳಿದು, ಉಜ್ಜುವ ಕೆಲಸ ದುಪ್ಪಟ್ಟಾಗುತ್ತದೆ.

ಈ ಕೆಲಸಕ್ಕೆ ಬ್ಲೇಡ್ ಗಾರ್ಡ್ ಮತ್ತು ಬ್ಲೇಡಿನ ಹಿಂದೆ ನಿಲ್ಲುವ ತಗಡು, ಅಂದರೆ ರೈವಿಂಗ್ ನೈಫ್, ತೆಗೆಯಲೇಬೇಕು. ಅದಕ್ಕೇ ಕೈ ಬಗ್ಗೆ ಎಚ್ಚರ. ಹಲಗೆಯ ಕೆಳಗೆ ಬ್ಲೇಡ್ ಎಲ್ಲಿದೆ ಅಂತ ಕಾಣುವುದಿಲ್ಲ, ಅಲ್ವಾ? ರಬ್ಬರ್ ತಳದ ಪುಶ್ ಬ್ಲಾಕ್ (ಹಲಗೆ ಒತ್ತಿ ತಳ್ಳುವ ಹಿಡಿ) ಇಲ್ಲದೆ ತಳ್ಳಬೇಡಿ. ಕನ್ನಡಕ, ಮಾಸ್ಕ್ ಇರಲಿ, ಗ್ಲೌಸ್ ಬೇಡ. ಗಂಟಿರುವ ಹಲಗೆ ಬೇಡ. ಪ್ಲೈವುಡ್ ಕೆಳಗೆ ಮಾರ್ಬಲ್ ಕಟರ್ ತಲೆಕೆಳಗಾಗಿ ಬಿಗಿದು ಟೇಬಲ್ ಸಾ ಮಾಡಿಕೊಂಡವರು ದಯವಿಟ್ಟು ಇದನ್ನು ಮಾಡಬೇಡಿ. ಅಂಥವರು ಕೋವ್ ಆಸೆ ಬಿಟ್ಟು, ಎರಡು ಮೂರು ಸಣ್ಣ ಪಟ್ಟಿಗಳನ್ನು ಮೆಟ್ಟಿಲಿನ ಹಾಗೆ ಜೋಡಿಸಲಿ. ಅದೂ ಚೆನ್ನಾಗಿಯೇ ಕಾಣುತ್ತದೆ.

ಕೋವ್ ಆದ ಮೇಲೆ ಪಿವಿಸಿ ಪೈಪಿನ ತುಂಡಿಗೆ ಸ್ಯಾಂಡ್‌ಪೇಪರ್ ಸುತ್ತಿ ಉಜ್ಜಿ. 80 ನಂಬರಿನ ಪೇಪರ್‌ನಿಂದ ಶುರು ಮಾಡಿ 120, 180. ಆಮೇಲೆ ಟ್ರಿಮ್ಮರ್‌ಗೆ 3 ಎಂಎಂ ರೌಂಡ್ ಓವರ್ ಬಿಟ್ ಹಾಕಿ ಮುಂಭಾಗದ ಎರಡೂ ಅಂಚು ದುಂಡಗೆ ಮಾಡಿ. ಎಲ್ಲಕ್ಕಿಂತ ಕೊನೆಗೆ, ಬ್ಲೇಡನ್ನು 45 ಡಿಗ್ರಿಗೆ ವಾಲಿಸಿ ಹಿಂಭಾಗದ ಎರಡು ಅಂಚುಗಳನ್ನು ಓರೆಯಾಗಿ ಕತ್ತರಿಸಿ. ಮುಂದೆ ನಾಲ್ಕೈದು ಎಂಎಂ ಚೌಕ ಅಂಚು ಉಳಿಸಿಕೊಳ್ಳಿ. ಈ ಓರೆಗಳೇ ಗೋಡೆಗೂ ಸೀಲಿಂಗ್‌ಗೂ ಅಂಟಿ ಕೂರುವುದು. ನನ್ನ ಮೊದಲ ಹಲಗೆಯಲ್ಲಿ ನಾನು ಓರೆಯನ್ನೇ ಮೊದಲು ಕತ್ತರಿಸಿದ್ದೆ. ಫೆನ್ಸ್‌ಗೆ ಒರಗಲು ಚೌಕ ಅಂಚೇ ಉಳಿಯಲಿಲ್ಲ, ಹಲಗೆ ಅಲುಗಾಡಿ ಕೋವ್ ಸೊಟ್ಟಗಾಯಿತು. ಒಳ್ಳೆಯ ಸಾಗುವಾನಿ ಹಾಳಾಯಿತು.

ಮೂಲೆಗಳಿಗೆ ಬಂದರೆ, ಮೈಟರ್ ಸಾ (ಬೇಕಾದ ಕೋನಕ್ಕೆ ತಿರುಗಿಸಿ ಅಡ್ಡ ಕತ್ತರಿಸುವ ಗರಗಸ) ಇದ್ದರೆ ಮೋಲ್ಡಿಂಗನ್ನು ತಲೆಕೆಳಗಾಗಿ ಒರಗಿಸಿ: ಸೀಲಿಂಗಿನ ಕಡೆ ಕೆಳಗೆ, ಗೋಡೆಯ ಕಡೆ ಫೆನ್ಸ್‌ಗೆ. ಆಗ ನೇರ 45 ಡಿಗ್ರಿ ಸಾಕು. ಮಲಗಿಸಿ ಕತ್ತರಿಸುವುದಾದರೆ ಮೈಟರ್ (ಬ್ಲೇಡ್ ಎಡಬಲಕ್ಕೆ ತಿರುಗುವ ಕೋನ) 35.3, ಬೆವೆಲ್ (ಬ್ಲೇಡ್ ವಾಲುವ ಕೋನ) 30 ಡಿಗ್ರಿ. ಇದು ಸರಿಯಾಗಿ 90 ಡಿಗ್ರಿ ಇರುವ ಮೂಲೆಯ ಲೆಕ್ಕ. ಪ್ಲಾಸ್ಟರ್ ಮಾಡಿದ ಗೋಡೆಯಲ್ಲಿ ಅಂಥ ಮೂಲೆ ಸಿಗುವುದು ಕಡಿಮೆ. ಹಾಗಾಗಿ ಒಳಮೂಲೆಯಲ್ಲಿ ಒಂದು ತುಂಡನ್ನು ಗೋಡೆಗೆ ನೇರವಾಗಿ ತಾಗಿಸಿ. ಇನ್ನೊಂದರ ತುದಿಯನ್ನು 45ಕ್ಕೆ ಕತ್ತರಿಸಿ, ಆಗ ಮುಂಭಾಗದ ಅಂಚಲ್ಲಿ ಕಾಣುವ ಬಾಗು ಗೆರೆಯ ಹಿಂದಿನ ಮರವನ್ನು ಕೋಪಿಂಗ್ ಸಾದಿಂದ (ತೆಳು ಬ್ಲೇಡಿನ ಕೈ ಗರಗಸದಿಂದ) ತೆಗೆದು ಮೊದಲನೆಯದರ ಮೇಲೆ ಕೂರಿಸಿ. ಮೂಲೆ ಒಂದೆರಡು ಡಿಗ್ರಿ ಆಚೀಚೆ ಇದ್ದರೂ ಸಂದು ಕಾಣುವುದಿಲ್ಲ.

ಗೋಡೆಗೆ ಹೊಡೆಯುವ ಮೊದಲು ಹಿಂಭಾಗಕ್ಕೂ ಪಾಲಿಶ್ ಅಥವಾ ಪ್ರೈಮರ್ ಬಳಿಯಿರಿ. ಮುಂದೆ ಮಾತ್ರ ಬಳಿದರೆ ಮಳೆಗಾಲದಲ್ಲಿ ಹಿಂಬದಿ ತೇವ ಹೀರಿ ಹಲಗೆ ಬಾಗುತ್ತದೆ. ಕರಾವಳಿ, ಮಲೆನಾಡಿನವರು ಇದನ್ನು ಮರೆಯಲೇಬಾರದು.

ಹಲಗೆಗಳನ್ನು ಬೇಕಾದ್ದಕ್ಕಿಂತ ಒಂದಡಿ ಉದ್ದ ಇಟ್ಟುಕೊಂಡೇ ಶುರು ಮಾಡಿ. ಉಳಿದ ಒಂದು ತುಂಡಿನ ಹಿಂದೆ ಬ್ಲೇಡಿನ ಎತ್ತರ, ಫೆನ್ಸ್‌ನ ಓರೆ ಬರೆದು ಎತ್ತಿಡಿ. ಮುಂದಿನ ಕೋಣೆಗೆ ಅದೇ ಅಳತೆ ಬೇಕಾಗುತ್ತದೆ.