ಟ್ಯಾಬ್ ಒತ್ತಿದರೆ ಎಲ್ಲಿಗೆ ಹೋಗಬೇಕು?

ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿ ಮೊನ್ನೆ ನನ್ನ ಬಳಿ ಬಂದಳು. "ಸರ್, ಈ ಫಾರ್ಮ್‌ನಲ್ಲಿ ನಾಲ್ಕು ರೇಡಿಯೋ ಬಟನ್ ಇವೆ, ನಾಲ್ಕರಲ್ಲಿ ಒಂದನ್ನಷ್ಟೇ ಆರಿಸುವಂಥವು. ಟ್ಯಾಬ್ ಒತ್ತಿದಾಗ ನಾಲ್ಕಕ್ಕೂ ಹೋಗಬೇಕಾ, ಒಂದಕ್ಕೆ ಹೋದ್ರೆ ಸಾಕಾ? ಇದನ್ನ ಎಲ್ಲಿ ಬರೆದಿದ್ದಾರೆ?" ಅರ್ಧ ದಿನ ಹುಡುಕಿದ್ದಳಂತೆ. ಸಿಕ್ಕಿದ್ದೆಲ್ಲ ಶಾರ್ಟ್‌ಕಟ್‌ಗಳ ಪಟ್ಟಿ.

ಅವಳು "ಕೀಬೋರ್ಡ್" ಅಂತ ಹುಡುಕಿದ್ದಳು. ದಾರಿ ತಪ್ಪುವುದೇ ಅಲ್ಲಿ. ಈ ವಿವರಗಳನ್ನು ಬರೆದಿಟ್ಟಿರುವುದು ಕೀಲಿಯ ಹೆಸರಿನಡಿ ಅಲ್ಲ, ಪರದೆಯ ಮೇಲಿರುವ ವಸ್ತುವಿನ ಹೆಸರಿನಡಿ. ನಿಮ್ಮೆದುರಿಗಿರುವುದು ಲಿಸ್ಟ್‌ಬಾಕ್ಸೋ (ಆಯ್ಕೆಗಳ ಪಟ್ಟಿ), ಕಾಂಬೊಬಾಕ್ಸೋ (ಪಟ್ಟಿ ಜೋಡಿಸಿದ ಬರೆಯುವ ಚೌಕ), ಟ್ರೀ ವ್ಯೂವೋ (ಕೊಂಬೆ ಕೊಂಬೆಯಾಗಿ ಬಿಚ್ಚಿಕೊಳ್ಳುವ ಪಟ್ಟಿ) ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಹೆಸರು ಸಿಕ್ಕರೆ ಅರ್ಧ ಕೆಲಸ ಆದಂತೆ.

ವೆಬ್ ಆದರೆ, ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಏರಿಯಾ (ARIA) ಆಥರಿಂಗ್ ಪ್ರಾಕ್ಟೀಸಸ್ ಗೈಡ್ ತೆರೆಯಿರಿ. ಅಲ್ಲಿ ಪ್ರತಿ ವಿಜೆಟ್‌ಗೂ, ಅಂದರೆ ಪರದೆಯ ಇಂಥ ಪ್ರತಿ ವಸ್ತುವಿಗೂ, ಒಂದು ಪುಟ, ಅದರೊಳಗೆ ಕೀಬೋರ್ಡ್ ವರ್ತನೆಗೇ ಒಂದು ಭಾಗ. ರೇಡಿಯೋ ಗುಂಪಿನ ಉತ್ತರ ಅಲ್ಲೇ ಇದೆ: ಟ್ಯಾಬ್ ಇಡೀ ಗುಂಪಿಗೆ ಒಮ್ಮೆ ನಿಲ್ಲುತ್ತದೆ, ಒಳಗೆ ಓಡಾಡುವುದು ಬಾಣದ ಕೀಲಿಗಳಿಂದ. ಡೆಸ್ಕ್‌ಟಾಪ್ ಆದರೆ ಮೈಕ್ರೋಸಾಫ್ಟ್, ಆ್ಯಪಲ್, ಲಿನಕ್ಸ್‌ನಲ್ಲಿ ಬಳಸುವ ಗ್ನೋಮ್ ಮೂವರದೂ ಬೇರೆ ಬೇರೆ ಮಾರ್ಗಸೂಚಿ. ಒಂದನ್ನು ಓದಿ ಇನ್ನೊಂದಕ್ಕೆ ಹಚ್ಚಬೇಡಿ. ಮ್ಯಾಕ್‌ನಲ್ಲಿ ಕೀಬೋರ್ಡ್ ನ್ಯಾವಿಗೇಷನ್ ಆನ್ ಮಾಡದಿದ್ದರೆ ಟ್ಯಾಬ್ ಬಟನ್‌ಗಳನ್ನು ಮುಟ್ಟದೆ ದಾಟಿಹೋಗುತ್ತದೆ. ಅದನ್ನು ಬಗ್ ಎಂದು ಬರೆದುಕೊಟ್ಟ ಪರೀಕ್ಷಕರನ್ನು ನೋಡಿದ್ದೇನೆ.

ಹಳೆಯ ಕಡತಗಳೂ ಉಪಯೋಗಕ್ಕೆ ಬರುತ್ತವೆ. 1987ರಲ್ಲಿ ಐಬಿಎಂ ಹೊರತಂದ ಕಾಮನ್ ಯೂಸರ್ ಆಕ್ಸೆಸ್ ನಿಯಮಗಳಿಂದ ಬಂದ ಆಲ್ಟ್-ಎಫ್4 (ಕಿಟಕಿ ಮುಚ್ಚಲು), ಶಿಫ್ಟ್-ಇನ್ಸರ್ಟ್ (ಅಂಟಿಸಲು) ವಿಂಡೋಸ್‌ನಲ್ಲಿ ಇವತ್ತಿಗೂ ನಡೆಯುತ್ತವೆ.

ಮೌಸ್ ಬಗ್ಗೆ ಬರೆದದ್ದು ಕಡಿಮೆ, ಅದಕ್ಕೇ ಅಲ್ಲಿ ತಪ್ಪು ಹೆಚ್ಚು. ಯಾವುದಾದರೂ ಬಟನ್ ಮೇಲೆ ಮೌಸ್ ಒತ್ತಿ ಹಿಡಿಯಿರಿ, ಬಿಡಬೇಡಿ. ಹಾಗೇ ಪಕ್ಕಕ್ಕೆ ಎಳೆದು, ಹೊರಗೆ ಬಿಡಿ. ಏನೂ ಆಗಬಾರದು. ನಾನು ಕೆಲಸ ಮಾಡಿದ ಒಂದು ತಂತ್ರಾಂಶದಲ್ಲಿ ಅಳಿಸುವ ಬಟನ್ ಒತ್ತಿದ ಕ್ಷಣದಲ್ಲೇ ಕೆಲಸ ಮುಗಿಸಿಬಿಡುತ್ತಿತ್ತು. ಕೈ ನಡುಗುವ ಹಿರಿಯ ಗುಮಾಸ್ತರೊಬ್ಬರು ತಪ್ಪು ಸಾಲಿನ ಮೇಲೆ ಒತ್ತಿ, ಗೊತ್ತಾದ ಕೂಡಲೇ ಪಕ್ಕಕ್ಕೆ ಎಳೆದರೂ ಸಾಲು ಹೋಗಿಯಾಗಿತ್ತು. "ನಾನು ಬಿಟ್ಟೇ ಇರಲಿಲ್ಲ" ಎಂದು ಅವರು ಪದೇ ಪದೇ ಹೇಳಿದರು. ಅವರ ಮಾತೇ ಸರಿ. ವೆಬ್ ಎಲ್ಲರಿಗೂ ಬಳಸಲು ಬರುವಂತಿರಲು ಡಬ್ಲ್ಯು3ಸಿ ಬರೆದ ಮಾರ್ಗಸೂಚಿ, 2018ರ ಡಬ್ಲ್ಯುಸಿಎಜಿ 2.1ರಲ್ಲಿ 2.5.2ನೇ ಮಾನದಂಡ ಇದಕ್ಕೆಂದೇ ಇದೆ: ಕೆಲಸ ಆಗಬೇಕಾದ್ದು ಬೆರಳು ಬಿಟ್ಟಾಗ, ಇಲ್ಲವೇ ರದ್ದು ಮಾಡಲು ದಾರಿ ಇರಬೇಕು. ಪರದೆಯ ಪಿಯಾನೊ ಮಾತ್ರ ಒತ್ತಿದಾಗಲೇ ನುಡಿಯಬೇಕು, ಅದಕ್ಕೆ ವಿನಾಯಿತಿ ಇದೆ.

ಬರಹದಲ್ಲಿ ಸಿಗದಿದ್ದರೆ ಖಾಲಿ ಎಚ್‌ಟಿಎಂಎಲ್ ಪುಟದಲ್ಲಿ ಒಂದು ಸಾದಾ ಬಟನ್ ಇಟ್ಟು ಒತ್ತಿ ನೋಡಿ. ಎಂಟರ್ ಕೀಲಿ ಒತ್ತಿದ ಕೂಡಲೇ ಕೆಲಸ ಮಾಡುತ್ತದೆ, ಸ್ಪೇಸ್ ಕೀಲಿಯಾದರೆ ಒತ್ತಿ ಬಿಟ್ಟ ಮೇಲೆ. ನೀವೇ ಬಟನ್ ಕಟ್ಟುವಾಗ ಈ ವ್ಯತ್ಯಾಸವನ್ನೂ ಉಳಿಸಿಕೊಳ್ಳಬೇಕು. ಆ ಹುಡುಗಿ ಈಗ ಕೆಲಸದ ಪ್ರತಿ ಟಿಕೆಟ್‌ನಲ್ಲೂ (ತಂಡದ ಕೆಲಸ-ದೋಷಗಳ ದಾಖಲೆ) ವಿಜೆಟ್‌ನ ಹೆಸರು, ನೋಡಿದ ಪುಟ, ಪರೀಕ್ಷಿಸಿದ ಬ್ರೌಸರ್ ಮೂರನ್ನೂ ಬರೆಯುತ್ತಾಳೆ.